ಗೇಜ್ ಮುಳ್ಳು ಇಳಿದಿದೆ ಅಂದ್ಮೇಲೆ ಪಂಪೇ ಹೋಗಿದೆ ಅಂತಾನಾ?

ಈ ಸಲ ಬಂದಿರೋ ಪತ್ರಗಳಲ್ಲಿ ಐದು ಪತ್ರ ಒಂದೇ ವಿಷಯದ ಸುತ್ತ ಇದಾವೆ, ಕಾರ್ಬುರೇಟರ್ (ಪೆಟ್ರೋಲನ್ನ ಗಾಳಿ ಜೊತೆ ಬೆರೆಸಿ ಎಂಜಿನ್‌ಗೆ ಕೊಡೋ ಭಾಗ) ಇರೋ ಹಳೇ ಕಾರು, ಪಂಪ್ ಕೊಡೋ ಪೆಟ್ರೋಲ್ ಒತ್ತಡ ಅಳೆಯೋ ಫ್ಯುಯೆಲ್ ಪ್ರೆಶರ್ ಗೇಜ್ ಹಾಕಿದ್ರೆ ಮುಳ್ಳು ಮೇಲೇಳ್ತಿಲ್ಲ, ಏನ್ ಮಾಡೋದು ಅಂತ. ಅದಕ್ಕೇ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಎತ್ತಿಟ್ಟು ಈ ಐದಕ್ಕೇ ಬರೀತಿದೀನಿ. ಮೊದಲನೇ ಉತ್ತರ ಉದ್ದ ಆಗತ್ತೆ, ಅದನ್ನ ಪೂರ್ತಿ ಓದಿ, ಅದು ತಲೆಗೆ ಹೋದ್ರೆ ಮಿಕ್ಕಿದ್ದು ಅರ್ಧ ಬಗೆಹರಿದ ಹಾಗೇನೆ.

ಪ್ರಶ್ನೆ: ಸರ್, ನನ್ನದು 4 ಸಿಲಿಂಡರ್‌ನ ಹಳೇ ಕಾರ್ಬುರೇಟರ್ ಗಾಡಿ, ಪಂಪ್ ಎಂಜಿನ್ ಮೇಲೇ ಇರೋದು, ಲೀವರ್ ಇರೋ ಮೆಕ್ಯಾನಿಕಲ್ ಪಂಪ್. ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡೋದು) ಚೆನ್ನಾಗಿದೆ, ಊರೊಳಗೆ ಓಡಿಸಿದ್ರೂ ತೊಂದ್ರೆ ಇಲ್ಲ. ಏರು ಹತ್ತುವಾಗ, ಇಲ್ಲಾ ಸ್ಪೀಡಲ್ಲಿ ಹತ್ತು ನಿಮಿಷ ಹೋದ್ಮೇಲೆ ಜರ್ಕ್ ಹೊಡೆದು ಎಳೆಯೋದೇ ನಿಲ್ಲಿಸತ್ತೆ. ಪಕ್ಕಕ್ಕೆ ಹಾಕಿ ಎರಡು ನಿಮಿಷ ಬಿಟ್ರೆ ಮತ್ತೆ ಸರಿ. ಗೇಜ್ ಹಾಕಿ ನೋಡಿದ್ರೆ ಐಡ್ಲಿಂಗಲ್ಲಿ 2 ಪಿಎಸ್‌ಐ (ಒತ್ತಡದ ಅಳತೆ), ರೇಸ್ ಮಾಡಿ ಹಿಡಿದ್ರೆ 1ಕ್ಕಿಂತ ಕೆಳಗೆ. ಹೊಸ ಪಂಪ್ ಹಾಕಿಸ್ದೆ, ರೀಡಿಂಗ್ ಒಂಚೂರೂ ಬದಲಾಗಿಲ್ಲ. ಇನ್ನೊಂದು ಪಂಪ್ ತರ್ಲಾ?

ಉತ್ತರ: ದಯವಿಟ್ಟು ತರಬೇಡಿ. ಹೊಸ ಪಂಪ್ ಹಾಕಿದ್ಮೇಲೂ ಅದೇ ರೀಡಿಂಗ್ ಬರ್ತಿದೆ ಅಂದ್ರೆ ತೊಂದ್ರೆ ಬಹುತೇಕ ಪಂಪ್‌ನ ಹಿಂದೆ ಇದೆ, ಟ್ಯಾಂಕಿನಿಂದ ಪಂಪ್‌ವರೆಗಿನ ದಾರೀಲಿ. ನಿಮ್ಮ ಪತ್ರದಲ್ಲೇ ಅದಕ್ಕೆ ಸಾಕ್ಷಿ ಇದೆ, ಎರಡು ನಿಮಿಷ ನಿಲ್ಲಿಸಿದ್ರೆ ಸರಿ ಹೋಗತ್ತೆ ಅಂದ್ರಲ್ಲ, ಅದೇ.

ಮೊದಲು ಕಾರ್ಬುರೇಟರ್ ಪೆಟ್ರೋಲ್ ತಗೊಳೋ ರೀತಿ ನೋಡೋಣ. ಪಂಪ್‌ನ ಪ್ರೆಶರ್ ನೇರವಾಗಿ ಎಂಜಿನ್‌ಗೆ ಹೋಗೋದೇ ಇಲ್ಲ. ಪಂಪ್ ಕಾರ್ಬುರೇಟರ್ ಒಳಗಿನ ಫ್ಲೋಟ್ ಬೌಲ್ ಅನ್ನೋ ಪುಟ್ಟ ತೊಟ್ಟಿ ತುಂಬತ್ತೆ ಅಷ್ಟೆ, ಬೌಲ್ ತುಂಬಿದ ಕೂಡ್ಲೇ ಫ್ಲೋಟ್ ಮೇಲೆದ್ದು ನೀಡಲ್ ವಾಲ್ವ್ ಮುಚ್ಚತ್ತೆ, ಅಲ್ಲಿಂದ ಮುಂದೆ ಜೆಟ್ ಅನ್ನೋ ಸಣ್ಣ ತೂತಿನ ಮೂಲಕ ಪೆಟ್ರೋಲ್ ಎಳ್ಕೊಳೋದು ಎಂಜಿನ್ನಿನ ಗಾಳಿ. ನೀರಿನ ತೊಟ್ಟಿ, ಅದರ ಬಾಲ್ ವಾಲ್ವ್ ನೋಡಿದೀರಲ್ಲ, ಅದೇ ಏರ್ಪಾಡು. ತೊಟ್ಟಿ ತುಂಬಿರೋವರೆಗೂ ಮೇಲಿಂದ ಬರೋ ನೀರು ಸಣ್ಣಗೆ ಬಂದ್ರೂ ಯಾರಿಗೂ ಗೊತ್ತಾಗಲ್ಲ, ನಾಲ್ಕು ನಲ್ಲಿ ಒಟ್ಟಿಗೆ ಬಿಟ್ಟಾಗಲೇ ಬಣ್ಣ ಬಯಲಾಗೋದು.

ಇದನ್ನ ಲೆಕ್ಕದಲ್ಲಿ ಹೇಳ್ತೀನಿ. 60 ಹಾರ್ಸ್‌ಪವರ್ ಎಂಜಿನ್ ಪೂರ್ತಿ ಆಕ್ಸಿಲರೇಟರ್‌ನಲ್ಲಿ ಗಂಟೆಗೆ ಸುಮಾರು 18 ಲೀಟರ್ ಕುಡಿಯತ್ತೆ, ಅಂದ್ರೆ ನಿಮಿಷಕ್ಕೆ 300 ಎಂಎಲ್. ಅದೇ ಎಂಜಿನ್ ಐಡ್ಲಿಂಗಲ್ಲಿ ಗಂಟೆಗೆ ಒಂದು ಲೀಟರ್ ಆಸುಪಾಸು, ನಿಮಿಷಕ್ಕೆ 15-20 ಎಂಎಲ್. ಹದಿನೈದು ಪಟ್ಟು ವ್ಯತ್ಯಾಸ! ಹಾಗಾಗಿ ದಾರೀಲಿ ಮುಕ್ಕಾಲು ಭಾಗ ಕಟ್ಕೊಂಡಿದ್ರೂ ಐಡ್ಲಿಂಗ್ ಗಡಿಯಾರದ ಥರ ಇರತ್ತೆ, ಊರೊಳಗಿನ ಓಡಾಟನೂ ಸರಿ ಇರತ್ತೆ. ಏರಿನಲ್ಲಿ ಬೌಲ್‌ಗೆ ಬರೋದಕ್ಕಿಂತ ಹೋಗೋದು ಜಾಸ್ತಿ ಆಗಿ ಬೌಲ್ ನಿಧಾನಕ್ಕೆ ಖಾಲಿ ಆಗ್ತಾ ಬರತ್ತೆ, ಮಿಕ್ಸ್‌ಚರ್ ಲೀನ್ ಆಗಿ, ಅಂದ್ರೆ ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ ಆಗಿ, ಗಾಡಿ ಜರ್ಕ್ ಹೊಡೆಯತ್ತೆ, ನೀವು ನಿಲ್ಲಿಸಿದಾಗ ಬೌಲ್ ಮತ್ತೆ ತುಂಬ್ಕೊಳತ್ತೆ. ಗೇಜ್ ನಿಮಗೆ ಪ್ರೆಶರ್ ತೋರಿಸ್ತಿದೆ, ಎಂಜಿನ್ ಕೇಳ್ತಿರೋದು ಎಷ್ಟು ಪೆಟ್ರೋಲ್ ಬರ್ತಿದೆ ಅನ್ನೋದನ್ನ. ಇವೆರಡೂ ಒಂದೇ ಅಲ್ಲ, ಇದನ್ನ ಗಟ್ಟಿಯಾಗಿ ಹಿಡ್ಕೊಂಡ್ರೆ ಅನಾವಶ್ಯಕ ಪಾರ್ಟ್ಸ್ ಬದಲಾಯಿಸೋದು ತಪ್ಪತ್ತೆ.

ಪ್ರೆಶರ್ ಎಷ್ಟಿರಬೇಕು ಅನ್ನೋದು ಗಾಡಿ ಮೇಲೆ ಹೋಗತ್ತೆ. ದೊಡ್ಡ ವಿ8 ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 4ರಿಂದ 7 ಪಿಎಸ್‌ಐ, ವೆಬರ್ ಥರದ ಕಾರ್ಬುರೇಟರ್‌ಗೆ 2.5ರಿಂದ 3.5, ಎಸ್‌ಯು ಕಾರ್ಬುರೇಟರ್‌ಗಳು ಇನ್ನೂ ಕಮ್ಮಿಗೆ ತೃಪ್ತಿ. ನಿಮ್ಮ ಗಾಡಿ ಮ್ಯಾನ್ಯುಯಲ್‌ನಲ್ಲಿ ಇರೋ ನಂಬರೇ ನಿಮಗೆ ಸತ್ಯ, ಪಕ್ಕದವರ ಗಾಡೀಲಿ 6 ಬರತ್ತೆ ಅಂತ ನಿಮ್ಮದರಲ್ಲೂ ಬರಬೇಕಿಲ್ಲ. ಐಡ್ಲಿಂಗಲ್ಲಿ 2 ಅನ್ನೋದು ಕೆಲವು ಗಾಡಿಗೆ ಬೇಜಾರಿನ ವಿಷಯಾನೇ ಅಲ್ಲ. ಆದ್ರೆ ರೇಸ್ ಮಾಡಿದಾಗ 1ಕ್ಕಿಂತ ಕೆಳಗೆ ಇಳಿಯೋದು ಮಾತ್ರ ಯಾವ ಗಾಡೀಲೂ ಸರಿ ಅಲ್ಲ.

ಇನ್ನು ಗೇಜ್. ಕಾರ್ಬುರೇಟರ್ ಬದಲು ಪೆಟ್ರೋಲನ್ನ ಒತ್ತಡದಲ್ಲಿ ಸಿಂಪಡಿಸೋ ಇಂಜೆಕ್ಷನ್ ಗಾಡಿಗಳಲ್ಲಿ ಪ್ರೆಶರ್ 40, 50 ಪಿಎಸ್‌ಐ ಇರತ್ತೆ ಅಂತ ಎಷ್ಟೋ ಕಡೆ 0ಯಿಂದ 100ರ ಗೇಜ್ ಇಟ್ಟಿರ್ತಾರೆ. ಗೇಜ್‌ನ ತಪ್ಪು ಲೆಕ್ಕ ಹಾಕೋದು ಪೂರ್ತಿ ಸ್ಕೇಲ್ ಮೇಲೆ, 100ರ ಗೇಜ್‌ನಲ್ಲಿ ಶೇಕಡ 3 ಅಂದ್ರೆ 3 ಪಿಎಸ್‌ಐ ಆಚೀಚೆ, ನಾವು ಅಳೀಬೇಕಾಗಿರೋದೇ 3! ಅಂಥ ಗೇಜ್ ಹೇಳಿದ 2ಕ್ಕೆ ಬೆಲೆ ಇಲ್ಲ. 0ಯಿಂದ 15ರ ಗೇಜ್ ತಗೊಳಿ, ಹಾಕೋ ಮುಂಚೆ ಮುಳ್ಳು ಸೊನ್ನೆ ಮೇಲೆ ಕೂತಿದ್ಯಾ ನೋಡಿ, ಪಂಪ್‌ಗೂ ಕಾರ್ಬುರೇಟರ್‌ಗೂ ನಡುವೆ ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ ಕೂರಿಸಿ. ಮುಳ್ಳು ನಡುಗೋದು ಸಹಜ, ಮೆಕ್ಯಾನಿಕಲ್ ಪಂಪ್ ಹೃದಯದ ಥರ ಬಡ್ಕೊಂಡು ತಳ್ಳೋದು, ನಡುಕದ ಮಧ್ಯದ ನಂಬರ್ ಓದಿ.

ಗೇಜ್ ಸರಿ ಇದೆ ಅಂತಾದ್ರೆ ನಾನು ಎಲ್ಲಕ್ಕಿಂತ ಮೊದಲು ಮಾಡೋ ಟೆಸ್ಟ್ ಇದು. ಟ್ಯಾಂಕಿನಿಂದ ಬರೋ ಹೋಸನ್ನ ಪಂಪ್‌ನ ಇನ್‌ಲೆಟ್‌ನಿಂದ ಬಿಚ್ಚಿ ಬಾಯಿ ಮುಚ್ಚಿ, ಅಲ್ಲಿಗೆ ಒಂದು ಹೊಸ ಗಿಡ್ಡ ಹೋಸ್ ಹಾಕಿ, ಅದರ ಇನ್ನೊಂದು ತುದಿ ಪೆಟ್ರೋಲ್‌ಗೇ ಅಂತ ಮಾಡಿರೋ ಸಣ್ಣ ಕ್ಯಾನ್‌ಗೆ ಬಿಡಿ. ಕ್ಯಾನ್ ಎಕ್ಸಾಸ್ಟ್‌ನಿಂದ, ಡಿಸ್ಟ್ರಿಬ್ಯೂಟರ್‌ನಿಂದ ದೂರ ಇರಲಿ, ಅಲ್ಲಾಡದ ಹಾಗೆ ಇರಲಿ. ಎಂಜಿನ್ ತಣ್ಣಗಿದ್ದಾಗ ಜೋಡಿಸಿ, ಬಯಲಲ್ಲಿ ಮಾಡಿ, ಬೆಂಕಿ ಆರಿಸೋ ಸಿಲಿಂಡರ್ ಕೈಗೆ ಸಿಗೋ ಹಾಗೆ ಇಟ್ಕೊಳಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರ್ಕೊಂಡು ಹೋಗಿ ದೂರದ ಕಿಡಿಗೂ ತಗಲತ್ತೆ, ಇದನ್ನ ಹೆದರಿಸೋಕೆ ಹೇಳ್ತಿಲ್ಲ, ನಿಜವಾಗ್ಲೂ ಜೋಪಾನ ಮಾಡಿ ಅಂತ ಹೇಳ್ತಿದೀನಿ. ಈಗ ಸ್ಟಾರ್ಟ್ ಮಾಡಿ ರೇಸ್ ಮಾಡಿ ನೋಡಿ. ಮುಳ್ಳು 3ಕ್ಕೋ 4ಕ್ಕೋ ಎದ್ದು ಅಲ್ಲೇ ನಿಂತ್ರೆ ಪಂಪ್ ಪಾಸ್, ತಪ್ಪೆಲ್ಲಾ ಹಿಂದಿನ ದಾರೀದು. ಕ್ಯಾನ್‌ನಿಂದ ಕೊಟ್ರೂ 1ರಲ್ಲೇ ಇದ್ರೆ ಪಂಪ್ ಮತ್ತೆ ಅದರ ಲೀವರ್ ಕಡೆ ನೋಡ್ಬೇಕು.

ನಿಮ್ಮ ಗಾಡೀಲಿ ಮೊದಲನೇದೇ ಆಗತ್ತೆ ಅಂತ ನನ್ನ ಅಂದಾಜು. ಆಗ ಟ್ಯಾಂಕಿನಿಂದ ಶುರು ಮಾಡಿ. ಟ್ಯಾಂಕಿನ ಮುಚ್ಚಳ ಸಡಿಲ ಮಾಡಿ ಅದೇ ಏರಿನಲ್ಲಿ ಒಂದ್ಸಲ ಹೋಗಿ ಬನ್ನಿ, ತೊಂದ್ರೆ ಮಾಯ ಆದ್ರೆ ಟ್ಯಾಂಕ್‌ಗೆ ಗಾಳಿ ಹೋಗೋ ದಾರಿ ಮುಚ್ಚಿದೆ ಅಂತ, ಪೆಟ್ರೋಲ್ ಖಾಲಿ ಆದ ಜಾಗಕ್ಕೆ ಗಾಳಿ ಬರದೆ ಒಳಗೆ ವ್ಯಾಕ್ಯೂಮ್ ಆಗಿ ಪಂಪ್ ಅದರ ಜೊತೆ ಹಗ್ಗಜಗ್ಗಾಟ ಆಡ್ತಿರತ್ತೆ. ಮುಚ್ಚಳ ತೆಗೆದಾಗ ಉಸ್ ಅಂತ ಒಳಕ್ಕೆ ಗಾಳಿ ಎಳ್ಕೊಂಡ್ರೂ ಅದೇ ಅರ್ಥ. ಆಮೇಲೆ ಫಿಲ್ಟರ್, ಇದನ್ನ ಎಲ್ರೂ ನೋಡೇ ನೋಡ್ತಾರೆ. ಆದ್ರೆ ಟ್ಯಾಂಕಿನೊಳಗೆ ಪೈಪ್ ತುದೀಲಿ ಒಂದು ಜಾಲರಿ ಇರತ್ತೆ, ಅದನ್ನ ನೋಡೋರು ಕಮ್ಮಿ, ಹಳೇ ಟ್ಯಾಂಕಿನ ತುಕ್ಕು, ಕೆಸರು ಎಲ್ಲಾ ಮೆತ್ಕೊಳೋದು ಅದಕ್ಕೇ. ಎಂಜಿನ್ ಆಫ್ ಮಾಡಿದ್ಮೇಲೆ ಎಳೆತ ನಿಂತು ಆ ಕಸ ಕೆಳಗೆ ಬೀಳತ್ತೆ, ಗಾಡಿ ಸರಿ ಹೋದಂಗೆ ಕಾಣತ್ತೆ, ಮತ್ತೆ ಹತ್ತು ನಿಮಿಷಕ್ಕೆ ಬಂದು ಅಂಟ್ಕೊಳತ್ತೆ. ನೀವು ಬರೆದಿರೋ ಲಕ್ಷಣಕ್ಕೂ ಇದಕ್ಕೂ ಅಕ್ಷರಶಃ ತಾಳೆ ಆಗತ್ತೆ.

ಇನ್ನೊಂದು ಕಳ್ಳ ಇದಾನೆ, ಅವನ ಕೈಲಿ ನಾನೇ ಪಟ್ಟ ಪಾಡು ಹೇಳ್ತೀನಿ. ನನ್ನ ಗಾಡೀಲೂ ಇದೇ ಥರ ಆಗಿ, ಒಬ್ಬ ಮೆಕ್ಯಾನಿಕ್ ಮಾತು ಕೇಳಿ ಎರಡು ಪಂಪ್ ಬದಲಾಯಿಸಿದ್ದೆ, ಎಲ್ಲೂ ಒಂದು ಹನಿ ಲೀಕ್ ಇರಲಿಲ್ಲ. ಕೊನೆಗೆ ಒಂದು ಭಾನುವಾರ ಗಾಡಿ ಕೆಳಗೆ ಮಲ್ಕೊಂಡು, ಟ್ಯಾಂಕ್ ಹತ್ರದ ಕಬ್ಬಿಣದ ಪೈಪ್‌ಗೆ ಸೇರೋ ಮೂರಿಂಚು ರಬ್ಬರ್ ಹೋಸನ್ನ ಹೆಬ್ಬೆರಳಲ್ಲಿ ಬಗ್ಗಿಸಿದೆ. ಮೇಲಿಂದ ಕರ್ರಗೆ ನೀಟಾಗಿ ಕಾಣ್ತಿದ್ದ ಹೋಸು, ಬಗ್ಗಿಸಿದ ಕೂಡ್ಲೇ ಕ್ಲಿಪ್ ಪಕ್ಕದಲ್ಲಿ ಒಡೆದ ಹಿಮ್ಮಡಿ ಥರ ಸೀಳು ಬಾಯಿ ಬಿಡ್ತು. ಪಂಪ್ ಎಳೆಯೋ ಕಡೆ ಇರೋ ಸೀಳಿನಿಂದ ಪೆಟ್ರೋಲ್ ಹೊರಗೆ ಬರಲ್ಲ, ಗಾಳಿ ಒಳಗೆ ಹೋಗತ್ತೆ, ಅದಕ್ಕೇ ನೆಲದ ಮೇಲೆ ಕಲೆ ಇಲ್ಲ, ವಾಸನೆ ಇಲ್ಲ. ಪಂಪ್ ಪಾಪ ಅರ್ಧ ಪೆಟ್ರೋಲ್ ಅರ್ಧ ಗಾಳಿ ಎಳೀತಿತ್ತು. ಇದನ್ನ ಹಿಡಿಯೋಕೆ ಸುಲಭ ಉಪಾಯ ಅಂದ್ರೆ ಪಂಪ್‌ನ ಇನ್‌ಲೆಟ್‌ಗೆ ಸ್ವಲ್ಪ ಹೊತ್ತಿನ ಮಟ್ಟಿಗೆ ಪೆಟ್ರೋಲ್ ತಡೆಯೋ ಪಾರದರ್ಶಕ ಹೋಸ್ ಹಾಕಿ ನೋಡೋದು, ಗುಳ್ಳೆ ಸಾಲಾಗಿ ಓಡ್ತಿದ್ರೆ ಹಿಂದೆ ಎಲ್ಲೋ ಗಾಳಿ ಹಿಡೀತಿದೆ. ಎಥನಾಲ್ ಬೆರೆಸಿರೋ ಪೆಟ್ರೋಲ್ ಹಳೇ ರಬ್ಬರನ್ನ ಬೇಗ ಹಾಳು ಮಾಡತ್ತೆ, ಹಾಗಾಗಿ ಹೋಸ್ ತಗೊಳೋವಾಗ ಅದರ ಮೈಮೇಲೆ ಪೆಟ್ರೋಲ್ ಹೋಸಿನ ಗುಣಮಟ್ಟದ ಗುರುತು ಎಸ್‌ಎಇ ಜೆ30 ಆರ್7 ಅಂತ ಇದ್ಯಾ ನೋಡಿ, ಆರ್9 ಸಿಕ್ಕಿದ್ರೆ ಇನ್ನೂ ಒಳ್ಳೇದು, ಅದರ ಒಳಪದರ ಎಥನಾಲ್‌ನ ಚೆನ್ನಾಗಿ ತಡೆಯತ್ತೆ. ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗೆ ಎಷ್ಟು ರಬ್ಬರ್ ತುಂಡು ಇದಾವೋ ಎಲ್ಲಾ ಒಟ್ಟಿಗೆ ಬದಲಾಯಿಸಿ, ಒಂದು ಬಿಟ್ರೆ ಅದೇ ನಾಳೆ ಕೈ ಕೊಡತ್ತೆ.

ಕ್ಯಾನ್ ಟೆಸ್ಟ್‌ನಲ್ಲೂ ಫೇಲ್ ಆದ್ರೆ ಏನು ಅಂತಾನೂ ಹೇಳ್ಬಿಡ್ತೀನಿ. ಮೆಕ್ಯಾನಿಕ್‌ಗಳು ಎಸಿ ಪಂಪ್ ಅಂತಾರಲ್ಲ (ಗಾಡಿ ತಣ್ಣಗೆ ಮಾಡೋ ಎಸಿ ಅಲ್ಲ), ಈ ಲೀವರ್ ಪಂಪ್‌ನಲ್ಲಿ ಎಂಜಿನ್ ಒಳಗೆ ತಿರುಗೋ ಕ್ಯಾಮ್ ಶಾಫ್ಟ್ ಲೀವರ್ ಒತ್ತಿ ಡಯಾಫ್ರಾಮ್ (ಬಾಗೋ ತೆಳು ಪರದೆ) ಕೆಳಗೆ ಎಳೆಯತ್ತೆ, ಪೆಟ್ರೋಲನ್ನ ಮೇಲಕ್ಕೆ ತಳ್ಳೋದು ಮಾತ್ರ ಸ್ಪ್ರಿಂಗ್. ಅಂದ್ರೆ ಪ್ರೆಶರ್ ಎಷ್ಟು ಅಂತ ತೀರ್ಮಾನ ಮಾಡೋದು ಸ್ಪ್ರಿಂಗ್, ಎಷ್ಟು ಪೆಟ್ರೋಲ್ ಅಂತ ತೀರ್ಮಾನ ಮಾಡೋದು ಲೀವರ್ ಓಡೋ ದೂರ. ಹೊಸ ಪಂಪ್ ಕೂರಿಸುವಾಗ ಪಂಪ್‌ಗೂ ಬ್ಲಾಕ್‌ಗೂ ನಡುವೆ ಎರಡೆರಡು ಗ್ಯಾಸ್ಕೆಟ್ ಹಾಕಿದ್ರೋ, ದಪ್ಪ ಸ್ಪೇಸರ್ ಹಾಕಿದ್ರೋ, ಲೀವರ್ ಕ್ಯಾಮ್‌ನಿಂದ ದೂರ ಆಗಿ ಸ್ಟ್ರೋಕ್ ಕಮ್ಮಿ ಆಗತ್ತೆ, ಪಂಪ್ ಹೊಸದಾದ್ರೂ ಬಡಕಲು. ಬೋಲ್ಟ್ ತೂತು ಸರಿ ಹೊಂದಿತು ಅಂತ ಬೇರೆ ಎಂಜಿನ್‌ದು ಹಾಕಿರೋದನ್ನೂ ನೋಡಿದೀನಿ, ಹಳೇದು ಹೊಸದು ಅಕ್ಕಪಕ್ಕ ಇಟ್ಟು ಲೀವರ್‌ನ ಉದ್ದ, ಬಾಗು ಹೋಲಿಸಿ ನೋಡಿ. ಕ್ಯಾಮ್‌ಗೂ ಲೀವರ್‌ಗೂ ನಡುವೆ ಇರೋ ಕಡ್ಡಿ, ಅಂದ್ರೆ ಪುಶ್‌ರಾಡ್‌ನಿಂದ ಓಡೋ ಪಂಪ್ ಆದ್ರೆ ರಾಡ್ ತುದಿ ಸವೆದಿದ್ಯಾ ನೋಡ್ಬೇಕು. ಡಿಪ್ ಸ್ಟಿಕ್ ಎಳೆದು ಮೂಸಿ ನೋಡೋದನ್ನ ಮಾತ್ರ ಯಾವತ್ತೂ ಮರೀಬೇಡಿ. ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಬಂದ್ರೆ, ಇಲ್ಲಾ ಆಯಿಲ್ ಮಟ್ಟ ತಾನಾಗೇ ಏರಿದ್ರೆ ಡಯಾಫ್ರಾಮ್ ಹರಿದು ಪೆಟ್ರೋಲ್ ಎಂಜಿನ್ ತಳದ ಆಯಿಲ್ ತೊಟ್ಟಿಗೆ (ಸಂಪ್‌ಗೆ) ಇಳೀತಿದೆ. ಆ ಗಾಡೀನ ಒಂದು ಕಿಲೋಮೀಟರ್ ಕೂಡ ಓಡಿಸಬಾರದು, ಬೇರಿಂಗ್ ಹೋಗತ್ತೆ, ಬೆಂಕಿ ಭಯಾನೂ ಇದೆ. ಪಂಪ್ ಸರಿ ಮಾಡಿ, ಆಯಿಲ್ ಬದಲಾಯಿಸಿ, ಆಮೇಲೆ ಸ್ಟಾರ್ಟ್.

ಪ್ರಶ್ನೆ: ಗ್ಲಿಸರಿನ್ ತುಂಬಿರೋ ಗೇಜನ್ನ ಬಾನೆಟ್ ಒಳಗೆ ಪರ್ಮನೆಂಟಾಗಿ ಫಿಟ್ ಮಾಡಿಸಿದೀನಿ. ಬೆಳಿಗ್ಗೆ 5.5 ತೋರಿಸತ್ತೆ, ಅರ್ಧ ಗಂಟೆ ಓಡಿಸಿ ಬಂದು ನೋಡಿದ್ರೆ 3, ಒಂದೊಂದ್ಸಲ 2. ಗಾಡಿ ಓಡೋದ್ರಲ್ಲಿ ಏನೂ ವ್ಯತ್ಯಾಸ ಇಲ್ಲ. ಬಿಸಿಗೆ ಪಂಪ್ ಸೋಲ್ತಿದ್ಯಾ?

ಉತ್ತರ: ಬಿಸಿಗೆ ಸೋಲ್ತಿರೋದು ಗೇಜ್. ಅದರೊಳಗೆ ಬಾಗಿರೋ ಒಂದು ಟೊಳ್ಳು ನಳಿಗೆ ಇರತ್ತೆ, ಪ್ರೆಶರ್ ಬಂದಾಗ ಅದು ನೆಟ್ಟಗಾಗೋಕೆ ನೋಡತ್ತೆ, ಮುಳ್ಳು ಏಳತ್ತೆ. ನಿಮ್ಮ ಗೇಜ್‌ನ ಡಬ್ಬಿ ಸೀಲ್ ಆಗಿದೆ. ಎಂಜಿನ್ ಬಿಸಿಗೆ ಒಳಗಿನ ಗ್ಲಿಸರಿನ್ ಹಿಗ್ಗಿ ಡಬ್ಬಿಯೊಳಗೇ ಒತ್ತಡ ಏರತ್ತೆ, ಅದು ನಳಿಗೆಯನ್ನ ಹೊರಗಿಂದ ಅದುಮತ್ತೆ, ಹಾಗಾಗಿ ಪೆಟ್ರೋಲ್ ಪ್ರೆಶರ್ 5.5 ಇದ್ರೂ ಮುಳ್ಳು 3 ಅನ್ನತ್ತೆ. 100ರ ಸ್ಕೇಲ್‌ನಲ್ಲಾದ್ರೆ ಈ 2-3 ಪಿಎಸ್‌ಐ ಯಾರ ಕಣ್ಣಿಗೂ ಬೀಳ್ತಿರಲಿಲ್ಲ, ನಮ್ಮ ಪುಟ್ಟ ಸ್ಕೇಲ್‌ನಲ್ಲಿ ಅದೇ ಅರ್ಧ ಆಯ್ತು. ಗೇಜ್ ತಲೆ ಮೇಲೋ ಬೆನ್ನ ಮೇಲೋ ಒಂದು ಸಣ್ಣ ರಬ್ಬರ್ ಬಿರಡೆ ಇರತ್ತೆ, ಬಿಸಿ ಇರುವಾಗ ಅದನ್ನ ಮೆಲ್ಲಗೆ ಎತ್ತಿ ಗಾಳಿ ಬಿಟ್ಟು ಮತ್ತೆ ಕೂರಿಸಿ, ಮುಳ್ಳು ತಟ್ಟಂತ ಮೇಲೆ ಹೋದ್ರೆ ನಾನು ಹೇಳಿದ್ದೇ ನಿಜ. ಗ್ಲಿಸರಿನ್ ಇಲ್ಲದ ಒಣ ಗೇಜ್ ಹಾಕ್ಕೊಂಡ್ರೆ ಮುಳ್ಳು ಜಾಸ್ತಿ ನಡುಗತ್ತೆ, ಆದ್ರೆ ಬಿಸಿಗೆ ಹೀಗೆ ಇಳಿಯಲ್ಲ. ನನ್ನ ಸಲಹೆ ಏನಂದ್ರೆ ಟೆಸ್ಟ್ ಮಾಡೋವಾಗ ಮಾತ್ರ ಗೇಜ್ ಹಾಕಿ, ಆಮೇಲೆ ಬಿಚ್ಚಿಡಿ, ಬಿಸಿ ಎಂಜಿನ್ ಮೇಲೆ ಲೀಕ್ ಆಗೋಕೆ ಒಂದು ಜಾಯಿಂಟ್ ಕಮ್ಮಿ ಆಗತ್ತೆ.

ಬಿಸಿಯಾದಾಗ ಗಾಡೀನೂ ಮುಗ್ಗರಿಸ್ತಿದ್ರೆ ಮಾತ್ರ ಬೇರೆ ಕಥೆ, ಅದು ವೇಪರ್ ಲಾಕ್, ಪೆಟ್ರೋಲ್ ಆವಿಯಾಗಿ ದಾರಿ ಕಟ್ಟೋದು. ಪೆಟ್ರೋಲ್‌ನ ಹಗುರ ಭಾಗ 35-40 ಡಿಗ್ರಿಗೇ ಕುದಿಯೋಕೆ ಶುರು, ಅದ್ರಲ್ಲೂ ಪಂಪ್ ಎಳೆಯೋ ಕಡೆ ಒತ್ತಡ ಕಮ್ಮಿ ಇರೋದ್ರಿಂದ ಇನ್ನೂ ಬೇಗ. ಪೈಪ್ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪಕ್ಕ ಹಾದಿದ್ರೆ ದೂರ ಸರಿಸಿ, ಕಂಪನಿ ಕೊಟ್ಟಿದ್ದ ಶಾಖ ತಡೆಯೋ ತಗಡನ್ನ ಯಾರೋ ಬಿಚ್ಚಿ ಎಸೆದಿದ್ರೆ ವಾಪಸ್ ಹಾಕಿ. ಹೆಚ್ಚಾದ ಪೆಟ್ರೋಲನ್ನ ಟ್ಯಾಂಕಿಗೆ ವಾಪಸ್ ಒಯ್ಯೋ ರಿಟರ್ನ್ ಲೈನ್ ಇರೋ ಗಾಡಿ ಆದ್ರೆ ಅದನ್ನ ಮುಚ್ಚಬೇಡಿ, ತಣ್ಣನೆ ಪೆಟ್ರೋಲ್ ಸುತ್ತಾಡ್ತಾ ಇರಲಿ ಅಂತಾನೇ ಅದನ್ನ ಕೊಟ್ಟಿರೋದು. ಆದ್ರೆ ಆ ರಿಟರ್ನ್ ದಾರೀಲಿ ಸೂಜಿ ಗಾತ್ರದ ಕಿಂಡಿ ಇರತ್ತೆ, ಫಿಲ್ಟರ್ ಬದಲಾಯಿಸುವಾಗ ದೊಡ್ಡ ತೂತಿನ ಮೂರು ಬಾಯಿಯ ಫಿಲ್ಟರ್ ಹಾಕಿದ್ರೆ ಪೆಟ್ರೋಲೆಲ್ಲಾ ಸಲೀಸಾಗಿ ಟ್ಯಾಂಕಿಗೇ ವಾಪಸ್ ಹೋಗಿ ರೀಡಿಂಗ್ ಬೀಳತ್ತೆ. ರಿಟರ್ನ್ ಹೋಸನ್ನ ಒಂದು ಕ್ಷಣ ಅದುಮಿ ಹಿಡಿದಾಗ ಮುಳ್ಳು ಜಿಗಿದ್ರೆ ಕಾರಣ ಸಿಕ್ತು.

ಪ್ರಶ್ನೆ: ಮೆಕ್ಯಾನಿಕಲ್ ಪಂಪ್ ಪದೇ ಪದೇ ಹಾಳಾಗ್ತಿತ್ತು ಅಂತ ಎಲೆಕ್ಟ್ರಿಕ್ ಪಂಪ್ ಹಾಕಿಸ್ದೆ, ಬಾನೆಟ್ ಒಳಗೆ, ಬ್ಯಾಟರಿ ಪಕ್ಕದಲ್ಲೇ. ಹಳೇ ಪಂಪ್‌ನೂ ಲೈನಲ್ಲೇ ಬಿಟ್ಟಿದಾರೆ. ಪಂಪ್ ಮೇಲೆ 4ರಿಂದ 6 ಪಿಎಸ್‌ಐ ಅಂತ ಬರ್ದಿದೆ, ನನಗೆ ಸಿಗ್ತಿರೋದು 2. ಶಬ್ದ ಮಾತ್ರ ಜೋರು.

ಉತ್ತರ: ಶಬ್ದ ಜೋರು ಅಂದ್ರಲ್ಲ, ಅದು ಎಳೆಯೋಕೆ ಕಷ್ಟ ಪಡ್ತಿರೋ ಪಂಪ್‌ನ ಕೂಗು. ಎಲೆಕ್ಟ್ರಿಕ್ ಪಂಪ್‌ಗಳಲ್ಲಿ ಬಹುಪಾಲು ತಳ್ಳೋದ್ರಲ್ಲಿ ಗಟ್ಟಿ, ಎಳೆಯೋದ್ರಲ್ಲಿ ದುರ್ಬಲ. ಅದನ್ನ ಟ್ಯಾಂಕ್ ಹತ್ರ, ಟ್ಯಾಂಕಿನ ತಳದ ಮಟ್ಟಕ್ಕೋ ಅದಕ್ಕಿಂತ ಕೆಳಗೋ ಕೂರಿಸ್ಬೇಕು. ಪಂಪ್ ಮುಂಚೆ ದಪ್ಪ ಜಾಲರಿ ಫಿಲ್ಟರ್, ಪಂಪ್ ಆದ್ಮೇಲೆ ಸಣ್ಣ ಜಾಲರಿ ಫಿಲ್ಟರ್, ಈ ಕ್ರಮ ತಿರುವು ಮುರುವು ಆದ್ರೂ ಇದೇ ಗೋಳು.

ಜಾಗ ಬದಲಾಯಿಸಿದ್ಮೇಲೂ ಕಮ್ಮಿ ಬಂದ್ರೆ ಮಲ್ಟಿಮೀಟರ್ ಹಿಡ್ಕೊಳಿ. ಪಂಪ್ ಓಡ್ತಿರುವಾಗಲೇ ಅದರ ಟರ್ಮಿನಲ್ ಮೇಲೆ ವೋಲ್ಟೇಜ್ ನೋಡಿ, ವೈರ್ ಬಿಚ್ಚಿ ನೋಡಿದ್ರೆ ಸುಳ್ಳು ಹೇಳತ್ತೆ. ಬ್ಯಾಟರಿ ಮೇಲೆ 13.8 ಇದ್ದು ಪಂಪ್ ಮೇಲೆ 11 ಬಂದ್ರೆ ಮಿಕ್ಕ 2.8 ವೋಲ್ಟ್ ನಿಮ್ಮ ವೈರ್, ಸ್ವಿಚ್, ಅರ್ತ್ ತಿಂದಿವೆ ಅಂತ. ಅರ್ತ್ ಒಂದನ್ನೇ ನೋಡೋಕೆ ಮೀಟರ್‌ನ ಒಂದು ಮೊನೆ ಪಂಪ್‌ನ ನೆಗೆಟಿವ್‌ಗೆ, ಇನ್ನೊಂದು ಬ್ಯಾಟರಿ ನೆಗೆಟಿವ್‌ಗೆ ಇಡಿ, 0.2ಕ್ಕಿಂತ ಜಾಸ್ತಿ ತೋರಿಸಿದ್ರೆ ಅರ್ತ್ ಬೋಲ್ಟ್ ಬಿಚ್ಚಿ ಪೇಂಟ್, ತುಕ್ಕು ಕೆರೆದು ಬಿಗೀರಿ. ಇಗ್ನಿಷನ್ ಸ್ವಿಚ್‌ನಿಂದ ನೇರ ಕರೆಂಟ್ ಎಳೆದಿದ್ರೆ ರಿಲೇ (ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟ್ ಆನ್ ಮಾಡೋ ಸ್ವಿಚ್) ಹಾಕಿಸಿ. ಪ್ರೆಶರ್ ಇಳಿಸಿ ಹಿಡಿಯೋ ರೆಗ್ಯುಲೇಟರ್ ಇದ್ರೆ ಗೇಜನ್ನ ಅದರ ಮುಂಚೆ ಒಂದ್ಸಲ, ಆಮೇಲೆ ಒಂದ್ಸಲ ಇಟ್ಟು ನೋಡಿ, ಮುಂಚೆ 5 ಇದ್ದು ಆಮೇಲೆ 2 ಅಂದ್ರೆ ಸ್ಕ್ರೂ ತಿರುಗಿಸೋದಷ್ಟೇ ಕೆಲಸ ಇರಬಹುದು.

ಹಳೇ ಪಂಪ್‌ನ ಲೈನಲ್ಲಿ ಬಿಟ್ಟಿರೋದು ನನಗೆ ನಿಜಕ್ಕೂ ಭಯ ತರಿಸ್ತು. ಪದೇ ಪದೇ ಹಾಳಾಗ್ತಿದ್ದ ಪಂಪ್ ಅದು, ಅದರ ಡಯಾಫ್ರಾಮ್ ಹರಿದ್ರೆ ಎಲೆಕ್ಟ್ರಿಕ್ ಪಂಪ್ ನಿಲ್ಲದೆ ಪೆಟ್ರೋಲನ್ನ ಎಂಜಿನ್ ಆಯಿಲ್‌ಗೆ ತಳ್ತಾನೇ ಇರತ್ತೆ. ಈ ವಾರಾನೇ ಅದನ್ನ ಬಿಚ್ಚಿಸಿ ಆ ಜಾಗಕ್ಕೆ ತಟ್ಟೆ ಮುಚ್ಚಿಸಿ. ಹಾಗೇ ಎಂಜಿನ್ ನಿಂತು ಆಯಿಲ್ ಒತ್ತಡ ಬಿದ್ದಾಗ ಕರೆಂಟ್ ಕಟ್ ಮಾಡೋ ಆಯಿಲ್ ಪ್ರೆಶರ್ ಸ್ವಿಚ್ ಮೂಲಕನೋ, ಡಿಕ್ಕಿ ಆದಾಗ ಕರೆಂಟ್ ಕಟ್ ಮಾಡೋ ಇನರ್ಶಿಯಾ ಸ್ವಿಚ್ ಮೂಲಕನೋ ಪಂಪ್‌ಗೆ ಸಪ್ಲೈ ಕೊಡಿಸಿ. ಮೆಕ್ಯಾನಿಕಲ್ ಪಂಪ್ ಎಂಜಿನ್ ನಿಂತ ಕೂಡ್ಲೇ ನಿಲ್ಲತ್ತೆ, ಎಲೆಕ್ಟ್ರಿಕ್ ಪಂಪ್‌ಗೆ ಎಂಜಿನ್ ನಿಂತಿದ್ದು ಗೊತ್ತೇ ಆಗಲ್ಲ, ಆಕ್ಸಿಡೆಂಟ್ ಆಗಿ ಪೈಪ್ ಕಿತ್ತೋಗಿದ್ರೂ ಸುರೀತಾನೇ ಇರತ್ತೆ.

ಪ್ರಶ್ನೆ: ಗೇಜ್ 1.5 ಅಷ್ಟೇ ತೋರಿಸೋದು, ಹಾಗಂತ ಗಾಡಿಗೆ ಪೆಟ್ರೋಲ್ ಸಾಲ್ತಿಲ್ಲ ಅನ್ನೋಹಾಗೂ ಇಲ್ಲ, ಯಾಕಂದ್ರೆ ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಮೈಲೇಜ್ ಅರ್ಧಕ್ಕೆ ಇಳಿದಿದೆ, ಬಿಸಿ ಎಂಜಿನ್ ಸ್ಟಾರ್ಟ್ ಮಾಡೋಕೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡೀಬೇಕು. ಪ್ರೆಶರ್ ಕಮ್ಮಿ ಇದ್ದು ಓವರ್‌ಫ್ಲೋ ಆಗೋದು ಹೇಗೆ?

ಉತ್ತರ: ಪ್ರೆಶರ್ ಕಮ್ಮಿ ಇರೋದ್ರಿಂದ ಓವರ್‌ಫ್ಲೋ ಆಗ್ತಿಲ್ಲ, ಓವರ್‌ಫ್ಲೋ ಆಗ್ತಿರೋದಕ್ಕೇ ಪ್ರೆಶರ್ ಕಮ್ಮಿ. ನಲ್ಲಿ ಪೂರ್ತಿ ಬಿಟ್ಟಿದ್ರೆ ಪೈಪಲ್ಲಿ ಒತ್ತಡ ನಿಲ್ಲಲ್ವಲ್ಲ, ಹಾಗೆ. ನೀಡಲ್ ವಾಲ್ವ್ ಮುಚ್ಕೊಳ್ತಿಲ್ಲ. ಇದನ್ನ ಖಚಿತ ಮಾಡ್ಕೊಳೋಕೆ, ಗೇಜ್‌ನಿಂದ ಮುಂದೆ ಕಾರ್ಬುರೇಟರ್‌ಗೆ ಹೋಗೋ ರಬ್ಬರ್ ಹೋಸನ್ನ ಹೋಸ್ ಕ್ಲಾಂಪ್‌ನಲ್ಲಿ ಒತ್ತಿ ಹಿಡಿದು ಐಡ್ಲಿಂಗಲ್ಲಿ ಕೆಲವು ಸೆಕೆಂಡ್ ನೋಡಿ, ಮುಳ್ಳು ಸರಿಯಾದ ನಂಬರ್‌ಗೆ ಏರಿದ್ರೆ ಪಂಪ್‌ದು ತಪ್ಪಿಲ್ಲ. ಆಮೇಲೆ ಕಾರ್ಬುರೇಟರ್ ತಲೆ ಬಿಚ್ಚಿ. ಹಿತ್ತಾಳೆ ಫ್ಲೋಟ್ ಆದ್ರೆ ಕಿವಿ ಹತ್ರ ಇಟ್ಟು ಅಲ್ಲಾಡಿಸಿ, ಒಳಗೆ ಗುಳಗುಳ ಅಂದ್ರೆ ತೂತಾಗಿ ಪೆಟ್ರೋಲ್ ತುಂಬ್ಕೊಂಡು ಮುಳುಗಿದೆ. ಬಿಸಿ ನೀರಿನಲ್ಲಿ ಮುಳುಗಿಸಿದ್ರೆ ತೂತು ಎಲ್ಲಿದೆ ಅಂತ ಗುಳ್ಳೆ ತೋರಿಸತ್ತೆ, ನೀರನ್ನ ಬೇರೆ ಕಡೆ ಕಾಯಿಸಿ ತಂದು ಮಾಡಿ, ಒಲೆ ಹತ್ರ ಅಲ್ಲ. ಅದಕ್ಕೆ ಬೆಸುಗೆ ಹಾಕೋ ಸಾಹಸ ಬೇಡ, ಒಳಗೆ ಉಳಿದ ಆವಿ ಸಿಡಿಯತ್ತೆ, ಹೊಸದೇ ಹಾಕಿ. ಫ್ಲೋಟ್ ಚೆನ್ನಾಗಿದ್ರೆ ನೀಡಲ್‌ನ ಮೊನೇನ ಬೆಳಕಿಗೆ ಹಿಡಿದು ನೋಡಿ, ಸುತ್ತಲೂ ಉಂಗುರದ ಥರ ಗೀರು ಬಿದ್ದಿದ್ರೆ ಸವೆದಿದೆ, ಸೀಟ್ ಸಮೇತ ಬದಲಾಯಿಸಿ. ಎಷ್ಟೋ ಸಲ ಮರಳಿನ ಕಣದಷ್ಟು ಕಸ ಕೂತಿರತ್ತೆ ಅಷ್ಟೆ, ತೊಳೆದ್ರೆ ಆಯ್ತು, ಫಿಲ್ಟರ್‌ನೂ ಬದಲಾಯಿಸಿ.

ಇದರ ಉಲ್ಟಾ ಕೂಡ ಗೊತ್ತಿರಲಿ. ಕಾರ್ಬುರೇಟರ್ ಬಾಯಲ್ಲಿರೋ ಪುಟ್ಟ ಜಾಲರಿ ಕಟ್ಕೊಂಡ್ರೆ ಗೇಜ್‌ನಲ್ಲಿ ಪ್ರೆಶರ್ ಚೆನ್ನಾಗೇ ಇರತ್ತೆ, ಬೌಲ್‌ಗೆ ಮಾತ್ರ ಪೆಟ್ರೋಲ್ ಇಲ್ಲ. ಗೇಜ್‌ನ ಹಿಂದೆ ಕಟ್ಟಿದ್ರೆ ಮುಳ್ಳು ಇಳಿಯತ್ತೆ, ಮುಂದೆ ಕಟ್ಟಿದ್ರೆ ಇಳಿಯಲ್ಲ.

ಪ್ರಶ್ನೆ: ಪಂಪ್‌ನ ಸ್ಪ್ರಿಂಗ್ ಸ್ವಲ್ಪ ಎಳೆದು ಉದ್ದ ಮಾಡಿದ್ರೆ ಪ್ರೆಶರ್ ಬರತ್ತೆ ಅಂತಾರೆ. ಇನ್ನೊಬ್ರು ಇಂಜೆಕ್ಷನ್ ಗಾಡಿ ಪಂಪ್ ಹಾಕ್ಬಿಡು, ಜನ್ಮದಲ್ಲಿ ತೊಂದ್ರೆ ಬರಲ್ಲ ಅಂತಾರೆ. ಯಾವುದು ವಾಸಿ?

ಉತ್ತರ: ಎರಡೂ ಬೇಡ. ನೀಡಲ್ ವಾಲ್ವ್ ಮುಚ್ಚಿ ಹಿಡಿಯೋದು ಫ್ಲೋಟ್ ತೇಲೋ ಬಲ ಒಂದೇ, ಬೇರೆ ಯಾವ ಬಲಾನೂ ಅಲ್ಲಿ ಇಲ್ಲ. ಸೀಟ್‌ನ ತೂತು 2 ಮಿಲಿಮೀಟರ್ ಅಂತಿಟ್ಕೊಳಿ, 5 ಪಿಎಸ್‌ಐ ಇದ್ದಾಗ ಪೆಟ್ರೋಲ್ ಆ ನೀಡಲ್ಲನ್ನ ಸುಮಾರು 11 ಗ್ರಾಂ ತೂಕದಷ್ಟು ಒತ್ತತ್ತೆ, ಫ್ಲೋಟ್ ಅದನ್ನ ತಡ್ಕೊಳತ್ತೆ. ಇಂಜೆಕ್ಷನ್ ಪಂಪ್‌ನ 45 ಪಿಎಸ್‌ಐ ಬಂದ್ರೆ ಹತ್ತಿರ ಹತ್ತಿರ 100 ಗ್ರಾಂ. ಟೊಳ್ಳು ಫ್ಲೋಟ್ ಏನು ಮಾಡೀತು, ಬೌಲ್ ತುಂಬಿ ಹರಿದು ಬಿಸಿ ಮ್ಯಾನಿಫೋಲ್ಡ್ ಮೇಲೆ ಸುರಿಯತ್ತೆ. ಸ್ಪ್ರಿಂಗ್ ಎಳೆದ್ರೂ ಇದೇ ದಾರಿ, ಸಣ್ಣ ಪ್ರಮಾಣದಲ್ಲಿ. ಜೊತೆಗೆ ಎಳೆದ ಸ್ಪ್ರಿಂಗ್ ಸ್ವಲ್ಪ ದಿನಕ್ಕೆ ಮತ್ತೆ ಕುಗ್ಗತ್ತೆ, ಡಯಾಫ್ರಾಮ್‌ಗೂ ಹೊರೆ. ಪಂಪ್ ಸೋತಿದೆ ಅಂತ ಕ್ಯಾನ್ ಟೆಸ್ಟ್‌ನಲ್ಲಿ ಖಾತ್ರಿ ಆದ್ರೆ ರಿಪೇರಿ ಕಿಟ್ ಸಿಗತ್ತಾ ಕೇಳಿ, ಡಯಾಫ್ರಾಮ್, ವಾಲ್ವ್, ಗ್ಯಾಸ್ಕೆಟ್ ಎಲ್ಲಾ ಅದರಲ್ಲಿ ಬರತ್ತೆ. ಕಿಟ್ ಇಲ್ಲ ಅಂದ್ರೆ ನಿಮ್ಮ ಎಂಜಿನ್‌ಗೇ ಅಂತ ಇರೋ ಪಂಪ್ ತಂದು, ಕೂರಿಸೋ ಮುಂಚೆ ಇನ್‌ಲೆಟ್ ಬಾಯಿಗೆ ಬೆರಳಿಟ್ಟು ಲೀವರ್ ಕೈಯಲ್ಲಿ ನಾಲ್ಕು ಸಲ ಒತ್ತಿ, ಬೆರಳನ್ನ ಚೆನ್ನಾಗಿ ಎಳ್ಕೊಂಡು ಒಂದಷ್ಟು ಹೊತ್ತು ಹಾಗೇ ಹಿಡ್ಕೊಂಡ್ರೆ ಒಳಗಿನ ವಾಲ್ವ್ ಸರಿ ಇದೆ, ಹಿಡ್ಕೊಳ್ಳಲಿಲ್ಲ ಅಂದ್ರೆ ಗಾಡಿಗೆ ಹಾಕದೇ ಹಾಗೇ ವಾಪಸ್ ಕೊಟ್ಟು ಬನ್ನಿ.